ಎಡಗೈ ಸುತ್ತಿನ ಸೆಣಬು

ದೆವ್ವ, ಪಿಶಾಚಿ, ಸತ್ತವರು ಬಂದು ನಿಲ್ಲುವುದು ಇವೆಲ್ಲ ಕೆಲಸವಿಲ್ಲದವರ ಮಾತು ಎಂದು ನಾನು ಬಹಳ ಕಾಲ ನಂಬಿದ್ದೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಓದಿದವರು ಹೇಳಿದ್ದಕ್ಕಿಂತ ನನ್ನ ಕೈಯಲ್ಲಿ ಹಿಡಿದು ನೋಡಿದ್ದನ್ನೇ ಒಪ್ಪುವ ಸ್ವಭಾವ. ಸೈಕಲ್ಲಿನ ಚಕ್ರ ಓಲಾಡಿದರೆ ಅದಕ್ಕೊಂದು ಕಾರಣ ಇರುತ್ತದೆ, ಹುಡುಕಿದರೆ ಸಿಗುತ್ತದೆ. ಈ ಒಂದು ಸಂಗತಿಗೆ ಮಾತ್ರ ಇಷ್ಟು ವರ್ಷ ಹುಡುಕಿದರೂ ಕಾರಣ ಸಿಕ್ಕಿಲ್ಲ. ನೀವು ನಂಬಲೇಬೇಕೆಂಬ ಹಟ ನನಗಿಲ್ಲ. ನಡೆದದ್ದನ್ನು ಬರೆಯುತ್ತೇನೆ.

ನಾವು ಯಾದಗಿರಿ ಕಡೆಯವರು. ಎಪ್ಪತ್ತರ ದಶಕದಲ್ಲಿ ಅವ್ವ, ಅಣ್ಣ ಶರಣಪ್ಪ, ನಾನು ಪುಣೆಯ ಪಶ್ಚಿಮದ ಗುಡ್ಡಗಳಲ್ಲಿ ಕಟ್ಟುತ್ತಿದ್ದ ಒಂದು ಅಣೆಕಟ್ಟಿನ ಕೆಲಸಕ್ಕೆ ಬಂದೆವು. ಅವ್ವ ಕಲ್ಲು ಹೊರುತ್ತಿದ್ದಳು. ಅಣ್ಣ ಪಂಪುಗಳ ನಟ್ಟು ಬೋಲ್ಟು ನೋಡಿಕೊಳ್ಳುತ್ತಿದ್ದ. ಯಂತ್ರದ ನಡುಕಕ್ಕೆ ನಟ್ಟು ಸಡಿಲಾಗಬಾರದೆಂದು ಬೋಲ್ಟಿನ ಮೇಲೆ ಗ್ರೀಸ್ ಹಚ್ಚಿದ ಸೆಣಬಿನ ನಾರು ಸುತ್ತಿ, ಅದರ ಮೇಲೆ ನಟ್ಟು ಬಿಗಿಯುವುದು ಅಲ್ಲಿಯ ರೂಢಿ. ನಟ್ಟು ತಿರುಗುವ ದಿಕ್ಕಿಗೇ ನಾರನ್ನೂ ಸುತ್ತಬೇಕು. ಅಣ್ಣ ಎಡಚ. ಎಷ್ಟು ಹೇಳಿದರೂ ಉಲ್ಟಾ ಸುತ್ತುತ್ತಿದ್ದ. ಹಾಗೆ ಸುತ್ತಿದರೆ ನಾರು ಒಳಗೆ ಕೂರದೆ ಮುದ್ದೆಯಾಗಿ, ನಟ್ಟಿನ ಕೆಳಗೆ ಹೋತದ ಗಡ್ಡದಂತೆ ಇಣುಕುತ್ತದೆ.

"ಶರಣ್ಯಾನ ಗಡ್ಡ ಬಂತು ನೋಡ್ರಲೇ" ಎಂದು ಜೊತೆಯವರು ನಗುತ್ತಿದ್ದರು.

"ಗಡ್ಡ ಇದ್ರ ಏನಾತು? ಗಂಡಸಿದ್ರ ಬಿಚ್ಚಿ ತೋರಿಸ್ರಿ" ಎನ್ನುತ್ತಿದ್ದ ಅಣ್ಣ. ಯಾರಿಗೂ ಸುಲಭಕ್ಕೆ ಬಿಚ್ಚಲಾಗುತ್ತಿರಲಿಲ್ಲ.

ಅಣೆಕಟ್ಟಿನಲ್ಲಿ ನೀರು ನಿಲ್ಲತೊಡಗಿದ ಮೊದಲ ವರ್ಷ, ಪಂಪು ಹೊತ್ತಿದ್ದ ತೆಪ್ಪವೊಂದರ ಹಗ್ಗ ನೀರಿನಡಿ ಸಿಕ್ಕಿಕೊಂಡಿತು. ಸುಹಾಸ ಎಂಬ ಸೂಪರ್‌ವೈಸರ್ ಅಣ್ಣನಿಗೆ ಇಳಿದು ಬಿಡಿಸು ಎಂದ. ಸುಹಾಸ ಪುಣೆಯವನು, ಈಜಿನಲ್ಲಿ ಪದಕ ಗೆದ್ದವನು. ಬಿಸಿಲು ನಾಡಿನ ಅಣ್ಣನಿಗೆ ಸೊಂಟದ ಮೇಲಿನ ನೀರೇ ಗೊತ್ತಿರಲಿಲ್ಲ. ಹಾಗಂತ ಹೇಳಿದ ಕೂಡ. ಸುಹಾಸ ಬೈದ, ಅಣ್ಣ ಇಳಿದ. ಹಗ್ಗ ಕಾಲಿಗೆ ಸುತ್ತಿಕೊಂಡಿತು, ಅವನು ಮತ್ತೆ ಮೇಲೆ ಬರಲಿಲ್ಲ. ನಾನು ದಡದಲ್ಲಿ ಬಾಯಿ ಬಡಿದುಕೊಂಡೆ. ಪದಕ ಗೆದ್ದವನು ಕಾಲಿನ ಬೂಟು ಕೂಡ ಕಳಚಲಿಲ್ಲ. ಸಂಜೆ ಸಾಹೇಬರು ಬಂದಾಗ "ದಾರೂ ಪ್ಯಾಲಾ ಹೋತಾ" ಎಂದ, ಕುಡಿದಿದ್ದ ಎಂದು. ಕಾಗದದಲ್ಲೂ ಅದೇ ಬರೆದರು. ಜನ್ಮದಲ್ಲಿ ಸೆರೆ ಮುಟ್ಟದವನು ನನ್ನಣ್ಣ. ಅಂದಿನಿಂದ ನಮ್ಮ ಜನರ ನಡುವೆ ನಾವು ಕುಡುಕನ ಮನೆಯವರಾದೆವು. ಅವ್ವ ಯಾರ ಮನೆಯ ಮದುವೆಗೂ ಹೋಗಲಿಲ್ಲ. ಈ ಸುಹಾಸನಿಗೆ ತಕ್ಕ ಶಾಸ್ತಿ ನನ್ನ ಕೈಯಿಂದಲೇ ಆಗಬೇಕು ಎಂದು ನಾನು ಅಂದೇ ಗಂಟು ಹಾಕಿಕೊಂಡೆ.

ಹತ್ತು ವರ್ಷ ಕಳೆದವು. ಪುಣೆಯ ಧನಕವಡಿಯಲ್ಲಿ ನಾನು ಸ್ವಂತ ಸೈಕಲ್ ಅಂಗಡಿ ಹಾಕಿದ್ದೆ. ಯಾರ ಕೈಕಾಲು ಹಿಡಿದೂ ಅಲ್ಲ, ದುಡಿದು. ಚಕ್ರ ನೇರ ಮಾಡುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಕ್ಯಾಂಪ್ ಪೇಟೆಯವರೆಗೂ ಹೆಸರಿತ್ತು. ಎಂಬತ್ತರ ದಶಕದ ನಡುವೆ ಒಂದು ಚಳಿಗಾಲ, ಶ್ರೀಮಂತರ ಕ್ಲಬ್ಬೊಂದು ಹೊಸ ಬಗೆಯ ಪಂದ್ಯ ಇಟ್ಟಿತು. ಶನಿವಾರ, ಭಾನುವಾರ ಎರಡು ದಿನದ ಜಾತ್ರೆ. ಮೊದಲು ಓಟ, ಆಮೇಲೆ ಸೈಕಲ್, ಕೊನೆಗೆ ಈಜು. ಜಾಗ ಯಾವುದೆಂದರೆ ಅದೇ ಅಣೆಕಟ್ಟಿನ ಹಿನ್ನೀರು. ಮುಳುಗಿದ ಊರಿನ ಗುಡ್ಡವೊಂದು ದ್ವೀಪವಾಗಿ ಉಳಿದಿತ್ತು. ದೋಣಿ ಬಿಟ್ಟರೆ ಅಲ್ಲಿಗೆ ದಾರಿಯಿಲ್ಲ. ಇಪ್ಪತ್ತು ಸೈಕಲ್ ಸಾಗಿಸಿ ನೋಡಿಕೊಳ್ಳಲು ನನ್ನನ್ನು ಕರೆದರು. ಹೆಸರುಗಳ ಪಟ್ಟಿಯಲ್ಲಿ ಸುಹಾಸನಿದ್ದ.

ಅವನಿಗೆ ನನ್ನ ಗುರುತು ಹತ್ತಲಿಲ್ಲ. "ಕಾಯ್ ಮಿಸ್ತ್ರಿ, ಗಾಡಿ ಚೆನ್ನಾಗಿ ನೋಡು, ಈ ಸಲ ನಾನೇ ಮೊದಲು" ಎಂದು ಮರಾಠಿಯಲ್ಲಿ ಹೇಳಿ ಬೆನ್ನು ತಟ್ಟಿದ. "ಚೆನ್ನಾಗಿಯೇ ನೋಡುತ್ತೇನೆ ಸಾಹೇಬ್" ಎಂದೆ.

ನೋಡಿದೆ. ಗುಡ್ಡದ ತಲೆಯಿಂದ ಇಳಿಯುವ ದಾರಿ ಕರಿಬಂಡೆಗಳ ಅಂಚಿಗೆ ಬಂದು ತಿರುಗುತ್ತಿತ್ತು. ಮುಂದಿನ ಚಕ್ರದ ಎರಡು ನಟ್ಟು ಸಡಿಲವಾಗಿದ್ದರೆ ಆ ತಿರುವಿನಲ್ಲಿ ಚಕ್ರ ಕಳಚುತ್ತದೆ, ಆಮೇಲೆ ಬಂಡೆ ಇದೆ. ಶನಿವಾರ ಸಂಜೆ ಎಲ್ಲರೂ ಹರಟುತ್ತಿದ್ದಾಗ ಅವನ ಸೈಕಲ್ಲಿನ ಎರಡೂ ನಟ್ಟನ್ನು ಕಣ್ಣಿಗೆ ಕಾಣದಷ್ಟು ಸಡಿಲ ಮಾಡಿದೆ. ಅಂದು ನನಗೆ ಒಳ್ಳೆಯ ನಿದ್ದೆ ಬಂತು.

ಬೆಳಿಗ್ಗೆ ಮುಟ್ಟಿ ನೋಡಿದರೆ ಎರಡೂ ನಟ್ಟು ಬಿಗಿಯಾಗಿದ್ದವು. ಅಡುಗೆಗೆ ಬಂದಿದ್ದ ಉಡುಪಿ ಕಡೆಯ ಶೆಟ್ಟರನ್ನು, ಸೈಕಲ್ ಹತ್ತಿರ ಯಾರಾದರೂ ಬಂದಿದ್ದರೇ ಎಂದು ಕೇಳಿದೆ.

"ಎಂತ ಕೇಳ್ತಿ ಮಾರಾಯ? ನೀನೇ ಕೂತಿದ್ದೆಯಲ್ಲ, ಬೆಳಕು ಹರಿಯುವಾಗ. ಚಾ ಬೇಕಾ ಅಂತ ಕೇಳಿದ್ರೆ ತಲೆ ಎತ್ತಲಿಲ್ಲ. ಅಷ್ಟು ಅಹಂಕಾರ ಒಳ್ಳೆದಲ್ಲ ನಿಂಗೆ."

"ನಾ ಅಲ್ರೀ ಶೆಟ್ರ, ನಾ ಆಗ ಗುಡ್ಡದ ಆಚಿ ದಂಡಿಗೆ ಮುಖ ತೊಳಿಯಾಕ ಹೋಗಿದ್ದೆ."

"ಹಾಗಾದ್ರೆ ನಿನ್ನ ಅಂಗಿ ಒಂದೇ ಬಂದು ಕೂತಿತ್ತಾ?" ಎಂದು ನಕ್ಕು ಅವಲಕ್ಕಿ ಕಲಸತೊಡಗಿದರು.

ಮಂಜಿನಲ್ಲಿ ಬೇರೆ ಯಾರನ್ನೋ ನೋಡಿರಬೇಕು ಎಂದುಕೊಂಡೆ. ಸುಹಾಸನೇ ಬಿಗಿದಿರಬಹುದು. ಓಟ ಶುರುವಾಗಿ ಎಲ್ಲರೂ ಗುಡ್ಡದ ಆಚೆ ಹೋದ ಮೇಲೆ ಮತ್ತೆ ಸಡಿಲ ಮಾಡಿದೆ. ಈ ಸಲ ಅಲ್ಲಿಂದ ಕದಲಲಿಲ್ಲ. ಮೂರು ಮೊಳ ದೂರದಲ್ಲಿ ಕೂತು, ಅದನ್ನೇ ನೋಡುತ್ತ ಎರಡು ಬೀಡಿ ಸೇದಿದೆ. ಯಾರೂ ಬರಲಿಲ್ಲ. ಇದನ್ನು ನಾನು ಯಾವ ದೇವರ ಮುಂದೆ ಬೇಕಾದರೂ ಹೇಳಬಲ್ಲೆ.

ಸುಹಾಸ ಮೊದಲಿಗನಾಗಿ ಓಡಿ ಬಂದ, ಸೈಕಲ್ ಎಳೆದುಕೊಂಡು ಹೋದ. ನಾನು ತಿರುವಿನ ಹತ್ತಿರ ಹೋಗಿ ನಿಂತೆ. ಗುಡ್ಡದ ತಲೆಯಿಂದ ಗಾಳಿಯಂತೆ ಬಂದ. ಕಲ್ಲುಗಳ ಮೇಲೆ ಚಕ್ರ ಕುಣಿಯಿತು. ಕಳಚಲಿಲ್ಲ. ಎರಡನೇ ಸುತ್ತಿಗೂ ಕಳಚಲಿಲ್ಲ. ಸೈಕಲ್ಲನ್ನು ನನ್ನ ಮೇಲೆ ಎಸೆದಂತೆ ಬಿಟ್ಟು, "ಶಾಬ್ಬಾಸ್ ಮಿಸ್ತ್ರಿ!" ಎಂದು ಕೂಗಿ ನೀರಿನ ಕಡೆ ಓಡಿದ.

ನಾನು ಬಗ್ಗಿ ನೋಡಿದೆ. ಮುಂದಿನ ಎರಡೂ ನಟ್ಟುಗಳ ಕೆಳಗೆ ಸೆಣಬಿನ ನಾರು ಇಣುಕುತ್ತಿತ್ತು. ಉಲ್ಟಾ ಸುತ್ತಿದ ನಾರು. ಹೋತದ ಗಡ್ಡ.

ಸೈಕಲ್ಲಿಗೆ ಯಾರೂ ಸೆಣಬು ಸುತ್ತುವುದಿಲ್ಲ. ನನ್ನ ಚೀಲದಲ್ಲಿ ಸೆಣಬೇ ಇರಲಿಲ್ಲ. ಉದ್ದನೆಯ ಪಾನಾ ಹಾಕಿ, ಎರಡೂ ಕೈಯಿಂದ ಜಗ್ಗಿ ಒಂದು ನಟ್ಟು ಬಿಚ್ಚಿ ಜೇಬಿಗೆ ಹಾಕಿಕೊಂಡೆ. ನಿಮಗೆ ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ನನಗೆ ಹೆದರಿಕೆಗಿಂತ ಸಿಟ್ಟು ಬಂತು. ಯಾರಿಗಾಗಿ ಹತ್ತು ವರ್ಷ ಹಲ್ಲು ಕಚ್ಚಿಕೊಂಡಿದ್ದೆನೋ, ಅವನೇ ನನ್ನ ಕೈ ಹಿಡಿದಂತಾಗಿತ್ತು.

ಈಜು ದ್ವೀಪದಿಂದ ಅಣೆಕಟ್ಟಿನ ದಡದವರೆಗೆ. ಈಜುವವರ ಪಕ್ಕದಲ್ಲೇ ಪಾತ್ರೆ, ಮೊದಲು ಬಂದ ಒಂದೆರಡು ಸೈಕಲ್ ಹೊತ್ತ ನಮ್ಮ ದೋಣಿಯೂ ಹೊರಟಿತು. ದೋಣಿಯವನು ಹುಟ್ಟು ಹಾಕುತ್ತಿದ್ದ, ಶೆಟ್ಟರು ಪಾತ್ರೆಗಳ ನಡುವೆ ಕೂತಿದ್ದರು, ನನ್ನ ಕೈಯಲ್ಲಿ ಬಿದಿರಿನ ಗಳವಿತ್ತು. ಸುಹಾಸ ಎಲ್ಲರಿಗಿಂತ ಬಹಳ ಮುಂದಿದ್ದ. ಅಣ್ಣ ಮುಳುಗಿದ, ಹಳೆಯ ತೆಪ್ಪ ನಿಲ್ಲುತ್ತಿದ್ದ ಜಾಗ ನನಗೆ ಗೊತ್ತಿತ್ತು, ನೀರಿನ ಮೇಲೆ ಗೆರೆ ಎಳೆದು ತೋರಿಸಬಲ್ಲೆ. ಅಲ್ಲಿಗೆ ಬಂದವನು ನಿಂತ. ಎರಡು ಸಲ ಮುಳುಗಿ ಎದ್ದ. ನಮ್ಮಿಂದ ಎಂಟು ಹತ್ತು ಅಡಿ ದೂರ. ಅವನು ನಮ್ಮ ಕಡೆ ನೋಡುತ್ತಿರಲಿಲ್ಲ, ತನ್ನ ಕೆಳಗೆ ನೋಡುತ್ತಿದ್ದ.

"ಪಾಯ್ ಸೋಡ್! ಶರಣ್ಯಾ, ಪಾಯ್ ಸೋಡ್!" ಎಂದು ಕಿರುಚಿದ. ಶರಣ್ಯಾ, ಕಾಲು ಬಿಡು ಎಂದು. ಆಮೇಲೆ ನೀರು ಕುಡಿಯುತ್ತಲೇ, "ನವ್ಹತಾ ಪ್ಯಾಲಾ! ನವ್ಹತಾ!" ಎಂದ. ಕುಡಿದಿರಲಿಲ್ಲ, ಕುಡಿದಿರಲಿಲ್ಲ.

"ಗಳ ಕೊಡು ಮಾರಾಯ! ಕಲ್ಲಿನ ಹಾಗೆ ಎಂತ ಕೂತಿದ್ದಿ?" ಶೆಟ್ಟರು ಕೂಗಿದರು.

ನಾನು ಕೊಡಲಿಲ್ಲ. ಇದನ್ನೂ ಬರೆಯಬೇಕು. ಅಂದು ಅವನು ಬೂಟು ಹಾಕಿಕೊಂಡು ನಿಂತ ಹಾಗೆಯೇ ನಾನೂ ಗಳ ಹಿಡಿದು ಕೂತೆ. ಶೆಟ್ಟರು ನನ್ನ ಕೈಯಿಂದ ಕಿತ್ತುಕೊಂಡು ಚಾಚಿದರು. ಅವನನ್ನು ಎಳೆದು ಮಲಗಿಸಿದ ಮೇಲೆ ಅವನ ಮುಖದ ಹತ್ತಿರ ಬಗ್ಗಿ, "ನಾನು ಶರಣಪ್ಪನ ತಮ್ಮ" ಎಂದೆ. ಅವನು ಕಣ್ಣು ಮುಚ್ಚಿಕೊಂಡ. ಗುರುತು ಆಗ ಹತ್ತಿತು.

ಮರುದಿನ ಅವನನ್ನು ಧನಕವಡಿಗೆ ಬರಹೇಳಿದೆ. ಬರುವುದಿಲ್ಲ ಎಂದುಕೊಂಡಿದ್ದೆ, ಬಂದ. ನಮ್ಮ ಓಣಿಯ ಜನರನ್ನೆಲ್ಲ ಕರೆದು ನಿಲ್ಲಿಸಿದೆ. ಎಲ್ಲರ ಮುಂದೆ, ಶರಣಪ್ಪ ಕುಡಿದಿರಲಿಲ್ಲ, ತಾನು ಸುಳ್ಳು ಹೇಳಿದೆ ಎಂದ. ಅವ್ವ ಜೋಳ ಹಸನು ಮಾಡುತ್ತಿದ್ದಳು. ಮೊರದಿಂದ ಕೈ ತೆಗೆಯಲಿಲ್ಲ.

"ಕುಡಿದಿರಲಿಲ್ಲ ಅಂಬೋದು ಹಡದಾಕಿಗಿ ಗೊತ್ತಿಲ್ಲೇನು? ನಿನಗ ಈಸು ಬರ್ತಿತ್ತಲ್ಲಪಾ, ನೀ ಯಾಕ ಜಿಗೀಲಿಲ್ಲ? ಅದನ್ನ ಹೇಳು" ಎಂದಳು.

ನಾನು ಮರಾಠಿಯಲ್ಲಿ ಹೇಳಿದೆ. ಅವನು ತನ್ನ ಕಾಲಿನ ಬೂಟು ನೋಡಿಕೊಂಡ. ಅವ್ವ ಮೊರ ಕೊಡವಿ ಒಳಗೆ ಹೋದಳು. ಅವನು ಆಮೇಲೆ ನೀರಿಗೆ ಇಳಿಯಲಿಲ್ಲವೆಂದು ಕೇಳಿದ್ದೇನೆ. ನಾನು ಅವನನ್ನು ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ.

ಅಣ್ಣ ನನ್ನನ್ನು ಜೈಲಿನಿಂದ ಉಳಿಸಿದನೋ, ಇಲ್ಲ "ಇಂವ ನನ್ನಾಂವ, ನೀ ಮುಟ್ಟಬ್ಯಾಡ" ಎಂದು ನನ್ನಿಂದ ಕಸಿದುಕೊಂಡನೋ, ನನಗೆ ತಿಳಿದಿಲ್ಲ. ಶೆಟ್ಟರು ಕಂಡದ್ದು ನನ್ನನ್ನೇ ಇರಬಹುದು. ಮೈಮರೆತು ನಾನೇ ಸುತ್ತಿರಬಹುದು ಎಂದು ಅಂಗಡಿಯಲ್ಲಿ ಒಬ್ಬನೇ ಇದ್ದಾಗ ಎಷ್ಟೋ ಸಲ ಪ್ರಯತ್ನಿಸಿ ನೋಡಿದ್ದೇನೆ. ಎಡಗೈಯಿಂದ ಸೆಣಬು ಸುತ್ತುತ್ತೇನೆ, ನಟ್ಟು ಬಿಗಿಯುತ್ತೇನೆ. ನಾರು ಮುದ್ದೆಯಾಗುತ್ತದೆ, ಗಡ್ಡವೂ ಬರುತ್ತದೆ. ಆದರೆ ನಾನು ಸುತ್ತಿದ ನಟ್ಟು ಒಂದೇ ತಿರುವಿಗೆ ಬಿಚ್ಚಿಕೊಂಡು ಕೈಗೆ ಬರುತ್ತದೆ.