ಕಾರಿಗೊಂದು ಕೋಡಣಸು

ಈ ಜನವರಿಯಲ್ಲಿ ನನ್ನ ಕಾರು ಒಬ್ಬ ಹೆಣ್ಣುಮಗಳ ಸೆರಗು ಹಿಡಿಯಿತು.

ನಾನಲ್ಲ, ಕಾರು. (ಹೆಂಡತಿಗೆ ವಿವರಣೆ ಕೊಡುವ ಪ್ರಸಂಗ ಬರಲಿಲ್ಲ. ಆಕೆ ಹಿಂದಿನ ಸೀಟಿನಲ್ಲೇ ಕೂತಿದ್ದಳು.) ನಗಬೇಡಿ. ನಾನೂ ಅವತ್ತಿನಿಂದ ಈ ವಿಷಯಕ್ಕೆ ನಕ್ಕಿಲ್ಲ. ತಲೆ ಮಾತ್ರ ಕೆಟ್ಟು ಗೊಬ್ಬರವಾಗಿದೆ.

ಮೊದಲು ಕಾರಿನ ವಿಚಾರ. ಇಬ್ಬರ ಕೈ ದಾಟಿ ನನಗೆ ಬಂದ ಗಾಡಿ ಅದು. ಕೊಂಡ ವಾರವೇ ಜೇವರ್ಗಿ ಬಸ್ ಸ್ಟ್ಯಾಂಡ್ ಮುಂದೆ ಒಂದು ಎಮ್ಮೆ ಹೆಡ್‌ಲೈಟಿಗೆ ಮೈ ಉಜ್ಜಿ ಗಾಜು ಪುಡಿ ಮಾಡಿತು. ಕಂಡವರೆಲ್ಲ ಕೊಟ್ಟ ಸಲಹೆ ಒಂದೇ: ಮುಂದೆ ಒಂದು ಗಾರ್ಡ್ ಹಾಕಿಸಿ. ಹಾಕಿಸಿದೆ. ವೆಲ್ಡಿಂಗ್ ಮಾಡುವ ಖಾಜಾಸಾಬ್ ದಪ್ಪ ಪೈಪು ಬಗ್ಗಿಸಿ, ಬಂಪರಿನ ಮುಂದೆ ಕೂಡಿಸಿ, ಎರಡೂ ತುದಿಗಳನ್ನು ಚೂಪು ಮಾಡಿ ಮೇಲಕ್ಕೆತ್ತಿ ನಿಲ್ಲಿಸಿದ. ಥೇಟ್ ಎತ್ತಿನ ಕೋಡು. ಮಂದಿ ದೂರದಿಂದಲೇ ಹೆದರಿ ಸರಿಯುತ್ತಾರೆ ಎಂದು ಭರವಸೆಯನ್ನೂ ಕೊಟ್ಟ. ಸರಿದರು ಕೂಡ. ಸುಳ್ಳೇಕೆ ಹೇಳಲಿ, ನನಗೆ ಖುಷಿಯೇ ಆಯಿತು.

ಸಂಕ್ರಾಂತಿಗೆ ಹೆಂಡತಿಯ ತಮ್ಮ ಚನ್ನು ಬಂದ. ಪುಣೆಯಲ್ಲಿ ಕಾರು ಮಾಡುವ ಕಾರ್ಖಾನೆಯೊಂದರಲ್ಲಿ ಡ್ರಾಯಿಂಗ್ ಸೆಕ್ಷನ್ ಅವನದು. ಕಾರನ್ನು ಒಂದು ಸುತ್ತು ಹಾಕಿ, ಗಾರ್ಡಿನ ತುದಿಗೆ ಹೆಬ್ಬೆರಳು ಒತ್ತಿ ನೋಡಿ, ಲೊಚಗುಟ್ಟಿದ. ಹೊರದೇಶಕ್ಕೆ ಕಳಿಸುವ ಕಾರಿಗೆ ಇಂಥದ್ದು ನಡೆಯುವುದಿಲ್ಲವಂತೆ. ಅಲ್ಲಿ ರೂಲ್ಸ್ ಇವೆಯಂತೆ. ಕಾರಿನ ಹೊರಮೈಯಲ್ಲಿ ಚೂಪಾದದ್ದು ಏನೂ ಇರಬಾರದು. ಅಂಚುಗಳೆಲ್ಲ ಗುಂಡಗಿರಬೇಕು. ಪಕ್ಕದ ಕನ್ನಡಿ ಕೂಡ ತಾಗಿದರೆ ಮಡಚಿಕೊಳ್ಳಬೇಕು. ಬಾನೆಟ್ ಮೇಲಿನ ಗೊಂಬೆ ಪೆಟ್ಟು ಬಿದ್ದರೆ ಬಾಗಬೇಕು, ಇಲ್ಲವೇ ಕಿತ್ತು ಬರಬೇಕು.

ಯಾಕೆ ಅಂದೆ. ನಡೆದು ಹೋಗುವವರಿಗೆ ತಾಗಿದರೆ ಏನು ಗತಿ ಅಂದ.

ನನಗೆ ತಲೆಬುಡ ತಿಳಿಯಲಿಲ್ಲ. ಕಾರು ಕೊಂಡವನು ನಾನು. ಅದರೊಳಗೆ ಕೂರುವವನು ನಾನು. ಅದರ ಮೂತಿ ಹೇಗಿರಬೇಕು ಎಂದು ರಸ್ತೆಯ ಮೇಲೆ ಬೀಡಿ ಸೇದುತ್ತ ಹೋಗುವವನ ಮೊಣಕಾಲು ನೋಡಿ ತೀರ್ಮಾನಿಸುತ್ತಾರೆಯೇ? ಇದೆಂಥ ನ್ಯಾಯ?

ಆಮೇಲೆ ಅಪ್ಪ ನೆನಪಾದ. ನಮ್ಮಲ್ಲೊಂದು ಹಾಯುವ ಎತ್ತಿತ್ತು. ಅದನ್ನು ಸಂತೆಗೆ ಒಯ್ಯುವ ದಿನ ಅಪ್ಪ ಕೋಡಿನ ತುದಿಗೆ ಹಿತ್ತಾಳೆಯ ಕೋಡಣಸು ತೊಡಿಸುತ್ತಿದ್ದ, ಯಾರಿಗೂ ಚುಚ್ಚದಿರಲಿ ಎಂದು. ಯಾವ ಸರ್ಕಾರವೂ ಹೇಳಿರಲಿಲ್ಲ. ಅಪ್ಪ ಇದ್ದ ಕೋಡು ಮುಚ್ಚಿದ. ಮಗ ಇಲ್ಲದ ಕೋಡು ಮಾಡಿಸಿದ. ಇರಲಿ, ಎತ್ತು ಬೇರೆ ಕಾರು ಬೇರೆ ಎಂದು ನನಗೆ ನಾನೇ ಹೇಳಿಕೊಂಡು ಮಲಗಿದೆ.

ಮರುದಿನ ಮೂವರೂ ಘತ್ತರಗಿ ಭಾಗ್ಯವಂತಿಯ ದರ್ಶನಕ್ಕೆ ಹೊರಟೆವು. ಈ ಸೀಜನ್ನಿನಲ್ಲಿ ನಮ್ಮ ರಸ್ತೆಗಳು ಹೇಗಿರುತ್ತವೆ ಎಂದು ನಿಮಗೆ ಗೊತ್ತು. ಡಾಂಬರು ಕಾಣುವುದಿಲ್ಲ. ಉದ್ದಕ್ಕೂ ತೊಗರಿ ಹರಡಿರುತ್ತಾರೆ. ಕಣವೂ ಅದೇ, ರಾಶಿಯೂ ಅಲ್ಲೇ. ಬಸ್ಸು, ಲಾರಿ, ಕಾರು ತುಳಿದಷ್ಟೂ ಕಾಳು ಉದುರುತ್ತದೆ. ಬದಿಗೆ ಸರಿದು ಹೋದಿರೋ, ಬೈಗುಳ ಗ್ಯಾರಂಟಿ.

ಅಫಜಲಪುರಕ್ಕೆ ಇನ್ನೂ ಸ್ವಲ್ಪ ದೂರವಿತ್ತು. ಒಬ್ಬ ಹೆಂಗಸು ರಸ್ತೆಯಲ್ಲಿ ನಿಂತು ತೊಗರಿ ಕಟ್ಟಿಗೆ ತಿರುವುತ್ತಿದ್ದಳು. ಹೆಸರು ನೀಲಮ್ಮ ಎಂದು ಆಮೇಲೆ ತಿಳಿಯಿತು. ನಾನು ಸ್ಲೋ ಮಾಡಿ ಬದಿಗೆ ತಿರುಗಿಸಿದೆ. ಆಕೆ ಬೇಡ ಎಂದು ಕೈ ಬೀಸಿದಳು. ತೊಗರಿಯ ಮೇಲೇ ಬಾ ಎಂದು ತೋರಿಸಿ ಒಂದು ಹೆಜ್ಜೆ ಹಿಂದೆ ಸರಿದು ನಿಂತಳು. ಬಂದೆ. ಗಾಳಿಗೆ ಆಕೆಯ ಸೆರಗು ಹಾರಿ ಗಾರ್ಡಿನ ಕೋಡಿಗೆ ಸಿಕ್ಕಿತು.

ಬ್ರೇಕ್ ಒತ್ತುವಷ್ಟರಲ್ಲಿ ಆಕೆ ಜಗ್ಗಿಸಿಕೊಂಡು ಬಂದು ಬಲಗೈ ಮೇಲೆ ಬಿದ್ದಿದ್ದಳು. ಮಣಿಕಟ್ಟು ಸೊಟ್ಟಗಾಗಿತ್ತು. ಚನ್ನು ಇಳಿದು ಕೋಡಿನಿಂದ ಸೆರಗು ಬಿಡಿಸಿದ. ಗಂಡ ಹೊಲದಿಂದ ಓಡಿ ಬಂದ. ನನಗೆ ನಾಲ್ಕು ಏಟು ಖಾತ್ರಿ ಎಂದುಕೊಂಡೆ. ಆತ ನನ್ನ ಕಡೆ ನೋಡಲೇ ಇಲ್ಲ, ಹೆಂಡತಿಗೆ ಬೈದ. "ಸೆರಗು ನಡಕ್ಕ ಕಟ್ಟು ಅಂತ ಎಷ್ಟ ಸಲ ಹೇಳೀನಿ ಬೇ ನಿನಗ?"

ಅಂದರೆ ತಪ್ಪು ಸೆರಗಿನದು.

ಅದೇ ಕಾರಿನಲ್ಲಿ ಅಫಜಲಪುರದ ದವಾಖಾನೆಗೆ ಕರೆದೊಯ್ದೆವು. ದಾರಿಯುದ್ದಕ್ಕೂ ಆಕೆ ನನ್ನ ಹೆಂಡತಿಗೆ ಕೇಳಿದ್ದು ಒಂದೇ: ಈ ಕೈಲೆ ರೊಟ್ಟಿ ಬಡಿಯಲು ಬರುತ್ತದೋ ಇಲ್ಲವೋ. ಹನ್ನೊಂದು ಜನರ ಮನೆಯಂತೆ. ಜೋಳದ ರೊಟ್ಟಿ ಒಂಟಿ ಕೈಯಲ್ಲಿ ಆಗುವ ಕೆಲಸವಲ್ಲ ಎಂದು ನಿಮಗೆ ಬಿಡಿಸಿ ಹೇಳಬೇಕೇ?

ಡಾಕ್ಟರು ಹೇಗಾಯಿತು ಅಂದರು. ನಾನು ಹೇಳುವ ಮೊದಲೇ ನೀಲಮ್ಮ ಎಡವಿ ಬಿದ್ದೆ ಅಂದುಬಿಟ್ಟಳು. ಪ್ಲಾಸ್ಟರ್ ಹಾಕಿ ಹೊರಗೆ ಬಂದ ಮೇಲೆ, ಯಾಕಮ್ಮ ಹಾಗೆ ಹೇಳಿದೆ ಎಂದು ಕೇಳಿದೆ.

"ಗಾಡಿ ಹಾಯ್ತು ಅಂದ್ರ ನಾಳಿಗಿ ಡ್ರೈವರ್ ಮಂದಿ ಅಂಜಿ ಬಾಜೂಲೆ ಹೋಗ್ತಾರ್ರಿ. ನಮ್ಮ ತೊಗರಿ ತುಳಿಯೋರು ಯಾರು?"

ನನ್ನನ್ನು ಉಳಿಸಲು ಹೇಳಿದಳು ಎಂದು ತಿಳಿದಿದ್ದೆ. ಅದು ತೊಗರಿಗಾಗಿ ಹೇಳಿದ ಸುಳ್ಳು. ಅವಮಾನವಾಯಿತೋ ಸಮಾಧಾನವಾಯಿತೋ, ಇವತ್ತಿಗೂ ಗೊತ್ತಾಗುತ್ತಿಲ್ಲ.

ಮರಳಿ ಬರುವಾಗ, ಇಂಥ ರಸ್ತೆಗೆ ನಿಮ್ಮ ಹೊರದೇಶದವರ ಬಳಿ ಯಾವ ರೂಲ್ ಇದೆ ಎಂದು ಚನ್ನುವನ್ನು ಕೇಳಿದೆ. ಅವರ ರೂಲಿನಲ್ಲಿ ಪಾದಚಾರಿ ಎಂದರೆ ರಸ್ತೆ ದಾಟುವವನು. ಇಲ್ಲಿ ರಸ್ತೆಯಲ್ಲಿ ರಾಶಿ ಮಾಡುತ್ತ, ಬಾ, ತುಳಿ ಎಂದು ಕರೆಯುವವಳು. ಕಾರು ನನ್ನ ವಾಹನವೋ, ಆಕೆಯ ಎತ್ತೋ? ಚನ್ನು, "ಅದು ಡ್ರಾಯಿಂಗ್‌ನ್ಯಾಗ ಇಲ್ಲ ಮಾಮಾ" ಅಂದ. ಇಂಜಿನಿಯರನ ಕಥೆಯೇ ಹೀಗಾದರೆ ನನ್ನಂಥ ಅಂಕಣಕಾರನ ಪಾಡೇನು?

ಮರುದಿನವೇ ಖಾಜಾಸಾಬನ ಅಂಗಡಿಗೆ ಹೋಗಿ ಗಾರ್ಡ್ ಬಿಚ್ಚಿಸಿದೆ. ಇನ್ನು ಯಾರಾದರೂ ಅಡ್ಡ ಬಂದರೆ ಪೆಟ್ಟು ಗಾಡಿಗೇ ಬೀಳುತ್ತದೆ ಎಂದು ಆತ ಎಚ್ಚರಿಸಿದ. ಬೀಳಲಿ ಅಂದೆ. ದೊಡ್ಡ ಮನುಷ್ಯನಂತೆ ಅಂದೆನಾದರೂ ಎದೆ ಚುರ್ ಅಂದದ್ದು ಗಾಡಿಗಾಗಿಯೇ. ಹೊಸ ಹೆಡ್‌ಲೈಟು ಹಾಕಿಸಿ ಎಷ್ಟು ದಿನವಾಗಿತ್ತು?

ಕಳೆದ ವಾರ ಅದೇ ದಾರಿಯಲ್ಲಿ ಹೊರಟಿದ್ದೆ. ತೊಗರಿ ಹೋಗಿ ಈಗ ಜೋಳದ ತೆನೆ. ನೀಲಮ್ಮ ಅಲ್ಲೇ ಇದ್ದಳು, ಎಡಗೈಯಲ್ಲಿ ತೆನೆ ತಿರುವುತ್ತಿದ್ದಳು. ಇಳಿದು ಮಾತಾಡಿಸಿದೆ. ಸುಗ್ಗಿ ಬಂತೆಂದು ಪ್ಲಾಸ್ಟರ್ ಅವಧಿಗೆ ಮೊದಲೇ ಬಿಚ್ಚಿಸಿಕೊಂಡಳಂತೆ. ಬಲ ಮಣಿಕಟ್ಟು ಮಡಚುವುದಿಲ್ಲ. ರೊಟ್ಟಿ ಈಗ ಸೊಸೆಯ ಪಾಲಿಗೆ. ಆಕೆ ಬಡಿದದ್ದು ದಪ್ಪ ಎಂದು ನೀಲಮ್ಮನ ಗಂಡ ದಿನಾ ತಕರಾರು ತೆಗೆಯುತ್ತಾನಂತೆ. ಅದನ್ನು ಹೇಳುವಾಗ ಮಾತ್ರ ನೀಲಮ್ಮ ಮುಖ ತಿರುಗಿಸಿಕೊಂಡಳು.

ಹೇಗಾದರೂ ಮಾಡಿ ಗಾರ್ಡ್ ತೆಗೆಸಿದ ಸುದ್ದಿ ಆಕೆಗೆ ಹೇಳಬೇಕು ಅನಿಸಿತು. ಕಾರಿನ ಮುಂದಕ್ಕೆ ಹೋಗಿ, ಬೋಳು ಬಂಪರಿನ ಮೇಲೆ ಕೈಯಿಟ್ಟು, "ನೋಡಮ್ಮ" ಎಂದೆ.

ಆಕೆ ನೋಡಲೇ ಇಲ್ಲ. ನಡುವಿಗೆ ಬಿಗಿದು ಕಟ್ಟಿದ ಸೆರಗಿನ ಗಂಟು ನನಗೆ ತೋರಿಸಿದಳು.

"ಈ ಸಲ ಗಟ್ಟಿ ಕಟ್ಟೀನ್ರಿ. ಅಂಜಬ್ಯಾಡ್ರಿ, ಹೊಡೀರಿ ಗಾಡಿ."

ಗಾಡಿ ಹೊಡೆದೆ. ತೆನೆಯ ಮೇಲೇ ಹೊಡೆದೆ. ಕಾರಿನ ತಪ್ಪಿಗೆ ಮನುಷ್ಯರೇ ಸೆರಗು ಕಟ್ಟಿಕೊಳ್ಳುವ ಊರಿನಲ್ಲಿ ಕಾರು ಯಾಕಾದರೂ ಬದಲಾದೀತು ಹೇಳಿ?