ತಳ ಹತ್ತಿದ ಪಾಯಸ

ಮೊನ್ನೆ ಮಹಾಲಯ ಅಮಾವಾಸ್ಯೆ, ಹಿರಿಯರ ಹಬ್ಬದ ದಿನ, ಕಡಲೆಬೇಳೆ ಪಾಯಸ ತಳ ಹತ್ತಿತು. ಸೀದ ಬೆಲ್ಲದ ವಾಸನೆ ಮೂಗಿಗೆ ಬಡಿದ ಕೂಡಲೇ ಒಲೆ ಆರಿಸಿದೆ. ಆದರೆ ಸೌಟು ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಬೆಳಗಿನ ಐದರಿಂದ ನಿಂತು ನಿಂತು ಕಾಲು ಸೋತಿದ್ದವು. ಅದಕ್ಕಿಂತ ಹೆಚ್ಚಾಗಿ, ಆ ವಾಸನೆಗೆ ನನ್ನ ಓರಗಿತ್ತಿ ನೆನಪಾದರು. ಗಂಡನ ಅಣ್ಣನ ಹೆಂಡತಿ. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ.

ನಾನು ಬೆಳೆದದ್ದು ಅಪ್ಪನ ಫ್ಯಾಕ್ಟರಿ ಕ್ವಾರ್ಟರ್ಸಿನಲ್ಲಿ. ನಾಲ್ಕು ಜನ, ನಾಲ್ಕು ತಟ್ಟೆ. ಹಬ್ಬದ ದಿನವೂ ಒಂದು ಗಂಟೆಯೊಳಗೆ ಊಟ ಮುಗಿದು ಅಪ್ಪ ಪೇಪರ್ ಹಿಡಿದು ಕೂತಿರುತ್ತಿದ್ದರು. ಮದುವೆಯಾಗಿ ಮಾದನಾಯಕನಹಳ್ಳಿಗೆ ಬಂದರೆ ಇಲ್ಲಿ ಹಬ್ಬದೂಟಕ್ಕೆ ಐವತ್ತು ಮಂದಿ. ಹೊಲವಿದ್ದ ಕಡೆ ಗೋಡೌನುಗಳೆದ್ದವು, ಮನೆ ಮೂರು ಅಂತಸ್ತಾಗಿ ಮೇಲೆ ಬಾಡಿಗೆಯವರು ಬಂದರು, ನೆಂಟರು ಮಾತ್ರ ಒಬ್ಬರೂ ಕಡಿಮೆಯಾಗಲಿಲ್ಲ. ಯಾರು ಯಾರಿಗೆ ಏನಾಗಬೇಕೆಂದು ನನಗೆ ಇವತ್ತಿಗೂ ಪೂರ್ತಿ ಗೊತ್ತಿಲ್ಲ. ಒಬ್ಬರಿಗೆ ಖಾರವಿಲ್ಲದ ಸಾರು, ಒಬ್ಬರಿಗೆ ಹೊಗೆಯಾಡುವ ಮುದ್ದೆ. ಇನ್ನೊಬ್ಬರು ಹಳೆಯ ಮುನಿಸು ನೆನೆದು ಗೇಟಿನ ಹತ್ತಿರವೇ ನಿಂತಿರುತ್ತಾರೆ, ಅವರನ್ನು ಕೈಹಿಡಿದು ಕರೆತರಬೇಕು. ಯಾರಿಗೆ ಏನು ಬೇಕಾದರೂ ಕೂಗುತ್ತಿದ್ದುದು ಒಂದೇ, "ಅಕ್ಕಾ!"

ನನ್ನ ಮೊದಲ ವರ್ಷದ ಹಿರಿಯರ ಹಬ್ಬ. ತೀರಿಕೊಂಡವರ ಫೋಟೋಗಳ ಮುಂದೆ ಬಾಳೆಲೆ ಹಾಕಿ, ಅವರವರಿಗೆ ಇಷ್ಟವಾದದ್ದನ್ನು ಎಡೆ ಇಡುವ ದಿನ. ಅಕ್ಕ ನನ್ನ ಕೈಗೆ ಸೌಟು ಕೊಟ್ಟು, "ಪಾಯಸ ಕೈಯಾಡಿಸ್ತಾ ಇರು, ಬಿಡಬ್ಯಾಡ" ಎಂದಿದ್ದರು. ಅಷ್ಟರಲ್ಲಿ ಅಮ್ಮನ ಫೋನ್ ಬಂತು. ಅಮ್ಮನ ದನಿ ಕೇಳುತ್ತಲೇ ಅಳು ಬಂದು ಹಿತ್ತಲಿಗೆ ಹೋದೆ. ವಾಪಸು ಬಂದಾಗ ಅಡುಗೆಮನೆಯ ತುಂಬ ಸೀದ ವಾಸನೆ, ಬಾಗಿಲಲ್ಲಿ ಅತ್ತೆ.

"ಯಾರೇ ಅದು ಸೀಯಿಸಿದ್ದು? ಹಿರೀಕರಿಗೆ ಇಡೋ ಪಾಯಸಾನಾ?"

"ನಾನೇ ಕಣತ್ತೆ. ನಂಗೇ ಗ್ಯಾನ ಇರ್ಲಿಲ್ಲ" ಎಂದರು ಅಕ್ಕ, ನನ್ನ ಕಡೆ ತಿರುಗಿಯೂ ನೋಡದೆ. ತಳ ಕೆದಕದೆ ಮೇಲಿನ ಪಾಯಸವನ್ನಷ್ಟೇ ಬೇರೆ ಪಾತ್ರೆಗೆ ಬಗ್ಗಿಸಿ, ಸೀದ ವಾಸನೆ ಹೋಗಲೆಂದು ಎರಡು ವೀಳ್ಯದೆಲೆ ಹಾಕಿ ಮುಚ್ಚಿದರು. ಅತ್ತೆಯ ಗೊಣಗಾಟ ನಿಲ್ಲಲಿಲ್ಲ. "ಸೀಕು ದಂಡ ಆಗಲ್ಲ ಬಿಡಿ, ನಂಗೆ ಅದೇ ಇಷ್ಟ" ಎಂದು ಅಕ್ಕ ನಕ್ಕರು. ಎಲ್ಲರ ಊಟವಾಗಿ ನಾಲ್ಕು ಗಂಟೆಗೆ ನಾವಿಬ್ಬರೂ ಕೂತಾಗ ಆ ಸೀಕನ್ನೇ, ತಳಕ್ಕಂಟಿದ ಕಪ್ಪು ಪದರವನ್ನೇ, ಕೆರೆದುಕೊಂಡು ತಿಂದರು. ಪಕ್ಕದಲ್ಲಿ ಕೂತು ನಾನು ಒಳ್ಳೆಯ ಪಾಯಸ ತಿಂದೆ.

ಈ ಮನೆಯಲ್ಲಿ ಒಂದು ಸಲ ಬಾಯಿಂದ ಬಿದ್ದ ಮಾತು ಕಲ್ಲಿನ ಮೇಲೆ ಕೆತ್ತಿದ ಹಾಗೆ. ಅಂದಿನಿಂದ ಹಾಲು ಸೀಯಲಿ, ಅನ್ನ ತಳ ಹಿಡಿಯಲಿ, "ಎಸೀಬ್ಯಾಡಿ, ಅಕ್ಕಂಗೆ ಇಷ್ಟ" ಎಂದು ಎತ್ತಿಡುತ್ತಿದ್ದರು. ಮಕ್ಕಳಂತೂ ಪ್ರೀತಿಯಿಂದಲೇ ಬಟ್ಟಲಿಗೆ ಹಾಕಿ ತಂದುಕೊಡುತ್ತಿದ್ದವು. ಹದಿನೈದು ವರ್ಷ ಹೀಗೇ ನಡೆಯಿತು. ನಿಜ ಹೇಳಿದರೆ ನನ್ನ ತಪ್ಪು ಹೊರಬೀಳುತ್ತಿತ್ತು. ಮೊದಮೊದಲು ಅತ್ತೆಯ ಹೆದರಿಕೆ, ಆಮೇಲೆ... ಆಮೇಲೆ ಅಭ್ಯಾಸವಾಯಿತು, ಅಷ್ಟೇ.

ಒಂದು ಯುಗಾದಿಗೆ ಪಾತ್ರೆ ಉಜ್ಜುತ್ತಾ ಕೇಳಿದ್ದೆ. "ಅಕ್ಕ, ನಿಜವಾಗ್ಲೂ ನಿಮಗೆ ಸೀಕು ಇಷ್ಟಾನಾ?"

"ಯಾರಿಗಾದ್ರೂ ಇಷ್ಟ ಆಯ್ತದೇನೇ, ತಿಕ್ಲು!" ಎಂದು ಬೆನ್ನಿಗೊಂದು ಗುದ್ದಿದರು.

"ಮತ್ತೆ ಏನಿಷ್ಟ ನಿಮಗೆ?"

ಅಕ್ಕ ಕೈ ನಿಲ್ಲಿಸಿ ಯೋಚಿಸಿದರು. ಯಾರೂ ಕೇಳದ ಪ್ರಶ್ನೆಯಿರಬೇಕು, ತುಂಬ ಹೊತ್ತು ಯೋಚಿಸಿದರು... ಅಷ್ಟರಲ್ಲಿ ನಡುಮನೆಯಿಂದ "ಅಕ್ಕಾ, ನೀರು!" ಎಂಬ ಕೂಗು ಬಂತು. ಕೈ ಒರೆಸಿಕೊಂಡು ಎದ್ದು ಹೋದರು. ನಾನು ಮತ್ತೆ ಕೇಳಲಿಲ್ಲ.

ಕಳೆದ ಚಳಿಗಾಲದಲ್ಲಿ ಅಕ್ಕ ಹೋದರು. ಎದೆ ಹಿಡಿದುಕೊಂಡವರು ಆಸ್ಪತ್ರೆಯ ದಾರಿಯಲ್ಲೇ ಕಣ್ಣು ಮುಚ್ಚಿದರು. ಮೊನ್ನೆಯದು ಅವರ ಮೊದಲ ಎಡೆ.

ಮಾವನ ಫೋಟೋ ಮುಂದೆ ಬ್ರಾಂದಿ, ಚಿಕ್ಕಮಾವನಿಗೆ ಬೀಡಿ ಕಟ್ಟು. ಅವರದೆಲ್ಲ ಚರ್ಚೆಯಿಲ್ಲದೆ ಮುಗಿಯಿತು. "ಅಕ್ಕಂಗೆ ಏನಿಡೋದು?" ಎಂದಾಗ ಭಾವ ತಲೆ ಕೆರೆದುಕೊಂಡರು. ಮೂವತ್ತು ವರ್ಷ ಜೊತೆಗೆ ಸಂಸಾರ ಮಾಡಿದ ಗಂಡ! ಯಾರೋ, "ಸೀಕು ಇಡ್ರಪ್ಪ, ಇವತ್ತೂ ಪಾಯಸ ತಳ ಹತ್ತೈತೆ" ಎಂದರು. ಹೌದು ಹೌದು ಎಂದರು ಎಲ್ಲರೂ. ಕೆಲವರ ಕಣ್ಣಲ್ಲಿ ನೀರೂ ಇತ್ತು.

"ಬೇಡ" ಎಂದೆ. ನನ್ನ ದನಿ ನನಗೇ ಜೋರೆನಿಸಿತು. "ಅಕ್ಕಂಗೆ ಸೀಕು ಇಷ್ಟ ಇರ್ಲಿಲ್ಲ. ಮೊದಲ್ನೇ ವರ್ಷ ಪಾಯಸ ಸೀಯಿಸಿದ್ದು ನಾನು. ನನ್ನ ಉಳಿಸೋಕೆ ಹಂಗಂದ್ರು."

ಕುರ್ಚಿಯಲ್ಲಿ ಕೂತಿದ್ದ ಅತ್ತೆ ನನ್ನನ್ನೇ ನೋಡಿದರು. ಈಗ ಅವರಿಗೆ ಬಯ್ಯುವ ಶಕ್ತಿಯೂ ಇಲ್ಲ. "ಅಂಗಾದ್ರೆ ದೊಡ್ಡೋಳ್ಗೆ ಏನಿಷ್ಟ ಇತ್ತವ್ವ?" ಎಂದರು ಮೆಲ್ಲಗೆ.

"ಗೊತ್ತಿಲ್ಲ ಅತ್ತೆ."

ತಳ ಕೆದಕದೆ ಮೇಲಿನ ಪಾಯಸ ಬಗ್ಗಿಸಿದೆ, ವೀಳ್ಯದೆಲೆ ಹಾಕಿದೆ. ಮೊದಲ ಸೌಟು ಅಕ್ಕನ ಎಲೆಗೆ. ಮೊದಲ ಮುದ್ದೆ, ಮೊದಲ ಕಜ್ಜಾಯ, ಕುದಿಯುತ್ತಿದ್ದ ಬಾಡಿನ ಸಾರಿನಿಂದ ಒಳ್ಳೆಯ ತುಂಡು. ಧೂಪ ಹಾಕಿದ ಮೇಲೆ, ಹಿರಿಯರು ಬಂದು ಉಣ್ಣಲಿ ಎಂದು ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ನಿಲ್ಲುವುದು ಪದ್ಧತಿ. ನಿಂತೆವು. ಎದುರಿನ ಗೋಡೌನಿಗೆ ಲಾರಿಯೊಂದು ಹಿಂದುಹಿಂದಕ್ಕೆ ಹೋಗುತ್ತಿತ್ತು. ಐದು ನಿಮಿಷಕ್ಕೇ ಎಲ್ಲರಿಗೂ ಹಸಿವು.

"ಸಾಕು, ಬಾಗ್ಲು ತೆಗಿಯಮ್ಮ" ಎಂದರು ಭಾವ.

ನಾನು ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. "ಇರಿ ಭಾವ, ಅಕ್ಕ ಊಟ ಮಾಡ್ತಿದಾರೆ."

ಹದಿನೈದು ವರ್ಷದಲ್ಲಿ ಒಂದು ಸಲವಾದರೂ ಈ ಮಾತನ್ನು ನಾನು ಹೇಳಬಹುದಿತ್ತು.