ತಿದಿ ಒತ್ತುವ ಹೆಂಗಸು

ಆ ಇಪ್ಪತ್ತಾರು ಪಟಗಳನ್ನು ಕತ್ತರಿಸಿದ ಕೈ ನನ್ನದೇ. ಬೇರೆಯವರ ಬಾಯಿಂದ ಕೇಳುವ ಬದಲು ನನ್ನಿಂದಲೇ ಕೇಳಿಬಿಡಿ.

ನಾನು ಪಟಗಳಿಗೆ ಕಟ್ಟು ಹಾಕುವವನು. ಒಂದು ಗೋಡೆ ಆಚೆಗೆ ಅಚ್ಚಿನ ಮನೆ. ಐನೂರು ವರ್ಷ ಹಳೆಯ ಕೆತ್ತನೆ ಚಿತ್ರಗಳನ್ನು, ಅದರಲ್ಲೂ ವಾದ್ಯಗಾರರ ಚಿತ್ರಗಳನ್ನು, ತಾಮ್ರದ ತಗಡಿಗೆ ಇಳಿಸಿ ಮೂಲದ ಹಾಗೇ ಪ್ರತಿ ತೆಗೆಯುವ ಜಾಗ. ಬೋರ್ಡಿನ ಮೇಲೆ ‘ತಂದೆ ಮತ್ತು ಮಗ’ ಅಂತಿದೆ. ತಂದೆ ತೀರಿಕೊಂಡು ಹತ್ತೊಂಬತ್ತು ವರ್ಷ. ಮಗ ಮುಂದಿನ ಕೋಣೆಯಲ್ಲಿ ಕೂತು ಗಿರಾಕಿಗಳ ಜತೆ ಮಾತಾಡುತ್ತಾನೆ. ಹಿಂದಿನ ಕೋಣೆಯಲ್ಲಿ ಮೂವತ್ತೊಂದು ವರ್ಷದಿಂದ ಮೈ ಮುರಿದು ದುಡಿಯುವ ಮಗಳ ಸುದ್ದಿ ಬೋರ್ಡಿನಲ್ಲಿಲ್ಲ. ಬೀದಿಯವರೆಲ್ಲ ಅವಳನ್ನು ಮಸಿಯಕ್ಕ ಅನ್ನುತ್ತೇವೆ. ಉಗುರಿನ ಸಂದಿಯ ಕಪ್ಪು ಯಾವ ಸೋಪಿಗೂ ಬಗ್ಗಿಲ್ಲ.

ಅವಳ ಕೆಲಸ ನೋಡುವುದಕ್ಕೆ ಸುಲಭ. ತಗಡಿಗೆ ಮಸಿ ತುಂಬಬೇಕು, ಬಟ್ಟೆಯಿಂದ ಒರೆಸಬೇಕು, ಕೊನೆಗೆ ಅಂಗೈಯಿಂದ ಸವರಬೇಕು. ಗೆರೆಯೊಳಗೆ ಮಸಿ ನಿಲ್ಲಬೇಕು, ಮೇಲೆ ನಿಲ್ಲಬಾರದು. ಆಮೇಲೆ ಒದ್ದೆ ಕಾಗದ ಹಾಸಿ ಚಕ್ರ ತಿರುಗಿಸಬೇಕು. ದಿನಕ್ಕೆ ಎಂಟು ಪ್ರತಿ ಬಂದರೆ ಅವತ್ತು ಒಳ್ಳೆಯ ದಿನ.

ಹೊಸ ಹೋಟೆಲಿನ ಮ್ಯಾನೇಜರು ನಲವತ್ತು ಕೋಣೆಗೆ ಒಂದೇ ಚಿತ್ರ ಕೇಳಿದ. ಚಿತ್ರದಲ್ಲಿ ಒಬ್ಬ ಗಂಡಸು ಮೇಜಿನ ಮೇಲಿಟ್ಟ ಸಣ್ಣ ಆರ್ಗನ್ ನುಡಿಸುತ್ತಿದ್ದಾನೆ. ವಾದ್ಯದ ಹಿಂದೆ, ಎಡಗಡೆ, ಅವನ ಹೆಂಡತಿ ತೋಳು ಮೇಲೇರಿಸಿಕೊಂಡು ಎರಡು ಕೈಯಲ್ಲೂ ವಾದ್ಯಕ್ಕೆ ಗಾಳಿ ಕೊಡುವ ತಿದಿ ಒತ್ತುತ್ತಿದ್ದಾಳೆ. ಮುಖ ಸ್ವಲ್ಪ ಸಿಡುಕು.

“ಆ ಹೆಂಗಸು ಬೇಡ, ವಾದ್ಯಗಾರ ಒಬ್ಬನೇ ಚೆಂದ,” ಅಂದ ಮ್ಯಾನೇಜರು.

“ಆಗಲಿ ಸಾರ್,” ಅಂದ ಮಸಿಯಕ್ಕನ ತಮ್ಮ. ಅಕ್ಕನಿಗೆ ಒಂದು ಮಾತೂ ಹೇಳಲಿಲ್ಲ. ತಯಾರಾಗಿದ್ದ ಇಪ್ಪತ್ತಾರು ಪ್ರತಿಗಳ ಮೇಲೆ ಚೀಟಿ ಸಿಕ್ಕಿಸಿ ನನಗೆ ಕಳಿಸಿದ: ‘ಎಡಗಡೆ ನಾಲ್ಕು ಅಂಗುಲ ತೆಗೆ’. ನಾನು ತೆಗೆದೆ.

ಮಾರನೇ ದಿನ ಮಸಿಯಕ್ಕ ಅಂಟು ಕೇಳೋಕೆ ಬಂದವಳು ನನ್ನ ಕಸದ ಬುಟ್ಟಿ ನೋಡಿದಳು. ಅದರ ತುಂಬ ತಿದಿ ಒತ್ತುವ ಹೆಂಗಸರು.

“ಇದನ್ನ ಕತ್ತರಿಸು ಅಂದೋನು ಯಾರು?”

“ನಿನ್ನ ತಮ್ಮ. ಚೀಟಿ ಬರೆದುಕೊಟ್ಟ.”

“ಅವನು ಬರೆದ, ನೀನು ಕತ್ತರಿಸಿದೆ. ಕಣ್ಣೇನು ಅಡವಿಟ್ಟಿದ್ದೆಯಾ? ಗಾಳಿ ಇಲ್ಲದೆ ಇವನೇನು ಬಾರಿಸ್ತಾನೆ, ತನ್ನ ತಲೆನಾ?”

ಅವಳು ಚೂರುಗಳನ್ನೆಲ್ಲ ಉಡಿಗೆ ತುಂಬಿಕೊಂಡು ನೇರ ಮುಂದಿನ ಕೋಣೆಗೆ ನುಗ್ಗಿದಳು. ನಾನೂ ಹಿಂದೆಯೇ ಹೋದೆ. ಮ್ಯಾನೇಜರು ಚಹಾ ಕುಡಿಯುತ್ತ ಕೂತಿದ್ದ. ಅವನ ಕಪ್ಪಿನ ಸುತ್ತ ಇಪ್ಪತ್ತಾರು ಹೆಂಗಸರನ್ನು ಸುರಿದಳು.

“ಅಕ್ಕ, ಒಳಗೆ ಹೋಗು. ಆಮೇಲೆ ಮಾತಾಡೋಣ,” ಅಂದ ತಮ್ಮ.

“ಮೂವತ್ತೊಂದು ವರ್ಷ ಒಳಗೇ ಇದ್ದೆ. ಸಾಕಾಯ್ತು.”

ಮ್ಯಾನೇಜರು ನಕ್ಕ. “ಅಷ್ಟೊಂದು ಯಾರಮ್ಮ ನೋಡ್ತಾರೆ?”

“ಯಾರೂ ನೋಡಲ್ಲ ಅಂದ್ಮೇಲೆ ಪಟ ಯಾಕೆ? ಸುಣ್ಣ ಹೊಡೆಸಿ ಸುಮ್ಮನಿರಿ!”

ಮಸಿ ಮೆತ್ತಿದ ಏಪ್ರನ್ ಬಿಚ್ಚಿ ತಮ್ಮನ ಬಿಳಿ ಅಂಗಿಯ ಮೇಲೆ ಎಸೆದಳು. “ಉಳಿದ ಹದಿನಾಲ್ಕು ನೀನೇ ತೆಗಿ.” ಅಷ್ಟು ಹೇಳಿ ಬೀದಿಗಿಳಿದಳು. ಮ್ಯಾನೇಜರು ಅವತ್ತೇ ಆ ಇಪ್ಪತ್ತಾರನ್ನು ಹಾಗೇ ಕಟ್ಟು ಹಾಕಿಸಿಕೊಂಡು ಹೋದ.

ತಮ್ಮ ಮೂರು ದಿನ ಹೆಣಗಿದ. ಗೋಡೆಯಾಚೆಯಿಂದ ಅವನ ಗೊಣಗಾಟವೆಲ್ಲ ಕೇಳಿಸುತ್ತಿತ್ತು. ಮೊದಲ ದಿನ ಚಿತ್ರಕ್ಕೆ ಹೊಗೆ ಹಿಡಿದ ಹಾಗೆ ಕಪ್ಪು. ಎರಡನೇ ದಿನ ಒರೆಸಿ ಒರೆಸಿ ವಾದ್ಯಗಾರನ ಮೂಗೇ ಮಾಯ. ಮೂರನೇ ದಿನ ಕಾಗದ ತಗಡಿಗೆ ಕಚ್ಚಿಕೊಂಡು ಹರಿಯಿತು. ನಾಲ್ಕನೇ ಬೆಳಿಗ್ಗೆ ನನ್ನನ್ನು ಜತೆಗೆ ಕರೆದುಕೊಂಡು ಅಕ್ಕನ ಮನೆ ಬಾಗಿಲು ತಟ್ಟಿದ.

ಅವಳು ಕೂರಿ ಅನ್ನಲಿಲ್ಲ. “ಪಟ ಇಡಿಯಾಗಿ ಹೋಗಬೇಕು. ಪಟದ ಕೆಳಗೆ ಅಂಟಿಸೋ ನಿನ್ನ ಹೆಸರಿನ ಚೀಟಿಯಲ್ಲಿ ನನ್ನ ಹೆಸರೂ ಇರಬೇಕು.”

“ಹೆಸರು ಯಾಕಕ್ಕ? ನಾವೆಲ್ಲ ಒಂದೇ ಮನೆಯವರಲ್ವಾ?”

“ಹಾಗಾದ್ರೆ ನಿನ್ನ ಹೆಸರು ಅಳಿಸು.”

ತಮ್ಮ ನನ್ನ ಮುಖ ನೋಡಿದ. ನಾನು ಚಾವಣಿ ನೋಡಿದೆ. ಕೊನೆಗೆ ಅವನು ಹೂಂ ಅಂದ. ಕತ್ತರಿಸಿದ ಇಪ್ಪತ್ತಾರನ್ನೂ ಮತ್ತೆ ತೆಗೆದುಕೊಡುತ್ತೇನೆ, ಬದಲಾಯಿಸಿಕೊಳ್ಳಿ ಅಂತ ಅವಳೇ ಹೋಟೆಲಿಗೆ ಹೋಗಿ ಹೇಳಿ ಬಂದಳು. ಆಗಲೇ ಗೋಡೆಗೆ ಹೊಡೆದಾಯ್ತು, ಯಾರಿಗೆ ಬೇಕು ಆ ತಾಪತ್ರಯ, ಉಳಿದವು ಬೇಕಾದರೆ ಇಡಿಯಾಗೇ ಬರಲಿ ಅಂದನಂತೆ ಮ್ಯಾನೇಜರು. ಹಾಗಾಗಿ ಮೇಲಿನ ಮಹಡಿಯ ಹದಿನಾಲ್ಕು ಕೋಣೆಯಲ್ಲಿ ಗಂಡ ಹೆಂಡತಿ ಇಬ್ಬರೂ ಇದ್ದಾರೆ. ಕೆಳಗಿನ ಇಪ್ಪತ್ತಾರರಲ್ಲಿ ಅವನು ಒಬ್ಬನೇ, ಗಾಳಿಯಿಲ್ಲದ ವಾದ್ಯದ ಮೇಲೆ ಬೆರಳಿಟ್ಟುಕೊಂಡು ಕೂತಿದ್ದಾನೆ.

ತಿಂಗಳಾದ ಮೇಲೆ ನಾನು ತಪ್ಪಾಯ್ತು ಅಂದೆ. ಚಕ್ರ ತಿರುಗಿಸುತ್ತಿದ್ದವಳು ನಿಲ್ಲಿಸಲಿಲ್ಲ.

“ಕೋಪ ಇನ್ನೂ ಹೋಗಿಲ್ವಾ?”

“ಹೋಗೋಕೆ ಅದೇನು ನೆಂಟನಾ? ಇನ್ನೊಂದು ಸಲ ಇಂಥ ಚೀಟಿ ಬಂದ್ರೆ ಮೊದಲು ನನ್ನನ್ನ ಕೇಳು. ಈಗ ಆ ಬಾಗಿಲು ಹಾಕು, ಕಾಗದ ಒಣಗುತ್ತೆ.”

ಬಾಗಿಲು ಹಾಕಿಕೊಂಡು ಹೊರಗೆ ಬಂದೆ.